ಕಣ್ಣಿಗೆ ಹಿಡಿದ ದಾರ

ಬಳೆ ಇರಬೇಕಾದ ಎಡಗೈ ಮಣಿಕಟ್ಟಿನ ಮೇಲೆ ನಮ್ಮ ಅತ್ತೆ ಒಂದು ದಾರ ಸುತ್ತಿಕೊಂಡಿರುತ್ತಿದ್ದಳು. ಚಾದರು ನೇಯುವ ದಪ್ಪ ನೂಲಿನ ದಾರ. ಅದರ ಮೇಲೆ ಅಲ್ಲಲ್ಲಿ ಗಂಟು, ಪ್ರತಿ ಗಂಟಿಗೂ ಅರಿಸಿನದ ಬಣ್ಣ. ವರ್ಷಗಟ್ಟಲೆ ಸುತ್ತಿ ಬಿಚ್ಚಿ ದಾರ ಬೂದಿಯ ಬಣ್ಣಕ್ಕೆ ತಿರುಗಿತ್ತು. ಬಿಚ್ಚಿದಾಗ ಅವಳ ಚರ್ಮದ ಮೇಲೆ ಗಂಟುಗಳ ಕುಳಿಗಳು ಸಾಲಾಗಿ ಉಳಿದಿರುತ್ತಿದ್ದವು. ನೋಡಿದವರು ಯಾವುದೋ ದೇವರ ಹರಕೆ ಎಂದುಕೊಳ್ಳುತ್ತಿದ್ದರು. ಮಾಟದ ದಾರ ಎಂದು ಓಣಿಯಲ್ಲಿ ಆಡಿಕೊಂಡವರೂ ಇದ್ದರು. ಅದು ಫೋಟೋ ತೆಗೆಯುವ ದಾರ.

ಅತ್ತೆ ಎಂದರೆ ನಮ್ಮ ತಂದೆಯ ಅಕ್ಕ. ಮುಂಬಯಿಗೆ ಕೊಟ್ಟಿದ್ದರು. ಗಂಡ ತೀರಿಕೊಂಡ ಮೇಲೆ ಒಂದು ಟ್ರಂಕಿನೊಂದಿಗೆ ಸೊಲ್ಲಾಪುರದ ನಮ್ಮ ಮನೆಗೆ ತಿರುಗಿ ಬಂದಳು. ಕೆಳಗೆ ನಮ್ಮ ಅರಿವೆ ಅಂಗಡಿ, ಮೇಲೆ ಮನೆ. ಟ್ರಂಕಿನಲ್ಲಿ ಸೀರೆಗಳ ನಡುವೆ ಗಂಡನ ಕ್ಯಾಮೆರಾ ಇತ್ತು. ಮುಚ್ಚಳ ತೆರೆದರೆ ಹಾರ್ಮೋನಿಯಮ್ಮಿನ ತಿದಿಯಂತೆ ಕರಿಯ ಚರ್ಮದ ಮಡಿಕೆಗಳು ಮುಂದೆ ಚಾಚಿಕೊಳ್ಳುವ ಹಳೆಯ ಕ್ಯಾಮೆರಾ.

ಎದುರಿನವರು ಎಷ್ಟು ದೂರ ಇದ್ದಾರೆ ಎಂದು ಹೇಳುವ ಯಾವ ಸಾಧನವೂ ಅದರಲ್ಲಿರಲಿಲ್ಲ. ಲೆನ್ಸಿಗೆ ಅತ್ತೆ ಕಾಜು ಎನ್ನುತ್ತಿದ್ದಳು. ಕಾಜಿನ ಸುತ್ತ ಒಂದು ಲೋಹದ ಬಳೆ, ಬಳೆಯ ಮೇಲೆ ಫೂಟುಗಳ ಅಂಕಿ. ದೂರವನ್ನು ನಾವೇ ತಿಳಿದು ಬಳೆ ತಿರುಗಿಸಬೇಕು. ತಪ್ಪಿದರೆ ಮುಖ ಮಸುಕು. ಆದರೆ ಮೇಲಿನ ಸಣ್ಣ ಕಿಂಡಿಯಲ್ಲಿ ಕಣ್ಣಿಟ್ಟು ನೋಡಿದರೆ ಹತ್ತಿರದ್ದೂ ದೂರದ್ದೂ ಎಲ್ಲ ಒಂದೇ ಸಮ ಸ್ವಚ್ಛವಾಗಿ ಕಾಣುತ್ತಿತ್ತು.

"ಲಬಾಡ ಕಿಂಡಿ ಇದು," ಎನ್ನುತ್ತಿದ್ದಳು ಅತ್ತೆ. "ಇದರಾಗ ಎಲ್ಲಾರೂ ಛಲೋನ ಕಾಣತಾರ. ರೋಲು ತೊಳದ ಮ್ಯಾಲ ಖರೆ ಬಣ್ಣ ತಿಳೀತದ."

ಅದಕ್ಕೇ ಆ ದಾರ. ಅಂಗಡಿಯ ಹಳೆಯ ಕಬ್ಬಿಣದ ಗಜದಿಂದ ಅಳೆದು ಗಜಕ್ಕೊಂದು ಗಂಟು ಹಾಕಿದ್ದಳು. ಗಜಕ್ಕೆ ಮೂರು ಫೂಟು. ಸರಕಾರ ಮೀಟರು ತಂದಾಗ ತಂದೆ ಗಜವನ್ನು ಗುಜರಿಗೆ ಹಾಕಲು ಹೊರಟಿದ್ದರಂತೆ. ಅತ್ತೆ ಅದನ್ನು ಕಸಿದುಕೊಂಡು ತನ್ನ ಹಾಸಿಗೆಯ ಕೆಳಗಿಟ್ಟಳು. "ಗಜಾ ಹಿಡದು ಎಳದು ಉದ್ದ ಮಾಡ್ಯಾರ. ಇದರಾಗ ಯಾರದೋ ಫಾಯದಾ ಅದ," ಎಂದು ಅವಳ ಅನುಮಾನ.

ಅನುಮಾನವಿಲ್ಲದ ಅತ್ತೆಯನ್ನು ನಾನು ಕಂಡೇ ಇಲ್ಲ. ಹಾಲಿನಲ್ಲಿ ಬೆರಳದ್ದಿ ಉಗುರಿನ ಮೇಲೆ ಹನಿ ನಿಲ್ಲುತ್ತದೆಯೋ ಇಲ್ಲವೋ ನೋಡುವಳು. ಮಗ್ಗದವರು ತಂದ ಚಾದರನ್ನು ಅವರೆದುರಿಗೇ ಬಿಸಿಲಿಗೆ ಹಿಡಿಯುವಳು. ಊರೆಲ್ಲ ಮಿಲ್ಲಿನ ಭೋಂಗಾ ಕೇಳಿ ಗಡಿಯಾರ ಸರಿಮಾಡಿಕೊಂಡರೆ, ಅತ್ತೆ ಗಡಿಯಾರ ನೋಡಿ ಭೋಂಗಾದ ತಪ್ಪು ಹಿಡಿಯುವಳು. "ಭೋಂಗಾ ಊದಾವನೂ ಮನಷ್ಯಾನ. ಅವಂಗ ನಿದ್ದಿ ಬರೂದಿಲ್ಲೇನು?"

ಎಲ್ಲಕ್ಕಿಂತ ಹೆಚ್ಚು ಅನುಮಾನ ತನ್ನ ಕಣ್ಣಿನ ಮೇಲೆಯೇ. ಸಂಜೆ ಮಾಳಿಗೆಯ ಮೇಲೆ ನಿಂತು ತುಳಸಿಯ ಕುಂಡ ಎಷ್ಟು ದೂರ, ನೀರಿನ ಟಾಕಿ ಎಷ್ಟು ದೂರ ಎಂದು ಮೊದಲು ಬಾಯಿಂದ ಹೇಳಿ, ಆಮೇಲೆ ದಾರ ಹಿಡಿದು ಅಳೆಯುತ್ತಿದ್ದಳು. ಸರಿ ಬಂದರೆ ಸಂತೋಷವಿಲ್ಲ, ಮತ್ತೊಮ್ಮೆ ಅಳೆಯುವಳು. ನನಗೂ ಕಲಿಸಿದಳು. ಸುಡುಬಿಸಿಲಿದ್ದರೆ ಕಾಜಿನ ತೂತು ಸಣ್ಣದು ಮಾಡಬೇಕು, ಆಗ ಅಳತೆ ಚೂರು ಹಿಂದುಮುಂದಾದರೂ ನಡೆಯುತ್ತದೆ. ಮೋಡ ಕವಿದರೆ ತೂತು ದೊಡ್ಡದು ಮಾಡಲೇಬೇಕು, ಆಗ ಅಂದಾಜು ನಡೆಯುವುದಿಲ್ಲ, ದಾರವೇ ಬೇಕು. ದಾರದ ಒಂದು ತುದಿ ಕ್ಯಾಮೆರಾಕ್ಕೆ, ಇನ್ನೊಂದು ಎದುರಿನವರ ಕಣ್ಣಿಗೆ. "ಮೂಗಿಗಲ್ಲ, ಕಣ್ಣಿಗೆ ಹಿಡಿ. ಮೂಗು ಸ್ವಚ್ಛ ಬಂದು ಕಣ್ಣು ಮಸಕಾದ್ರ ಅದು ಫೋಟೋ ಅಲ್ಲ, ಮೂಗಿನ ಜಾಹಿರಾತು."

ನಾನು ಕನ್ನಡ ಸಾಲಿಯಲ್ಲಿ ಏಳನೆಯ ಇಯತ್ತೆಯವರೆಗೆ ಓದಿದವಳು. ಅಲ್ಲಿ ಕಲಿತದ್ದರಲ್ಲಿ ಬಹಳಷ್ಟು ಮರೆತಿದೆ. ಮಾಳಿಗೆಯ ಮೇಲೆ ಕಲಿತದ್ದು ಮರೆತಿಲ್ಲ.

ನನ್ನ ಮದುವೆಯ ಮಾತು ಬಂದದ್ದು ಎಪ್ಪತ್ತರ ದಶಕದ ನಡುವಿನಲ್ಲಿ. ನಾಗಣಸೂರಿನ ಹಿರಿಯರೊಬ್ಬರು ಅಂಗಡಿಗೆ ಅರಿವೆ ಕೊಳ್ಳಲು ಬರುತ್ತಿದ್ದರು. ಅವರ ಜೋಳ ಹೋಗುತ್ತಿದ್ದುದು ಅಕ್ಕಲಕೋಟೆಯ ಒಂದು ಅಡತಿ ಅಂಗಡಿಗೆ. ಆ ಅಂಗಡಿಯವರ ಮನೆಯ ಹುಡುಗನ ಫೋಟೋ ಅವರೇ ತಂದರು. ತಂದೆ ನೋಡಿ ಹಿಗ್ಗಿದರು. ತಾಯಿ ದೇವರ ಮುಂದಿಟ್ಟಳು. ಅತ್ತೆ ಅದನ್ನು ಅಲ್ಲಿಂದ ಎತ್ತಿಕೊಂಡು ಬಾಗಿಲ ಬೆಳಕಿಗೆ ಹೋದಳು.

ಹುಡುಗ ಕುರ್ಚಿಯ ಮೇಲೆ ಕೂತಿದ್ದ. ಹಿಂದೆ ಕೆತ್ತನೆಯ ಒಂದು ಕಟ್ಟಿಗೆಯ ಕಂಬ.

"ತಮ್ಮಾ," ಎಂದಳು ಅತ್ತೆ, "ಕಂಬದ ಮ್ಯಾಲಿನ ಗಿಳಿ ಕೊಕ್ಕ ಸುದ್ದಾ ಕಾಣಾಕತ್ತದ. ಹುಡುಗನ ಮಾರಿ ಮಾತ್ರ ಮಂಜ. ವರಾ ಯಾರು? ಕಂಬಕ್ಕ ಕನ್ಯಾ ಕೊಡಾವರೇನು ನೀವು?"

ತಂದೆಗೆ ಸಿಟ್ಟು ಬಂತು. "ಅಕ್ಕಾ, ನಿನಗ ಪರಮಾತ್ಮನ ಮ್ಯಾಲೂ ಸಂಶಯ. ಫೋಟೋ ತಗದಾವ ಚುಕಿ ಮಾಡಿರತಾನ, ತಪ್ಪು ಯಾರಿಗೆ ಆಗೂದಿಲ್ಲ?"

"ಇರಬಹುದು. ಇನ್ನೊಂದು ತರಸು."

ಇನ್ನೊಂದು ಬಂತು. ಈ ಸಲ ಹುಡುಗ ನಿಂತಿದ್ದ. ಹಿಂದಿನ ಪರದೆಯ ಹೂವು ಎಣಿಸುವಷ್ಟು ಸ್ವಚ್ಛ. ಮುಖ ಮತ್ತೆ ಮಂಜು. ಅತ್ತೆ ಎರಡನ್ನೂ ನನ್ನ ಮುಂದಿಟ್ಟಳು.

"ಒಮ್ಮೆ ಆದ್ರ ಚುಕಿ. ಎರಡನೇ ಸಲ ಆದ್ರ ಮಸಲತ್ತು. ಮಸಕಾದ್ದ ನೋಡಬ್ಯಾಡ, ಸ್ವಚ್ಛ ಬಂದದ್ದು ಯಾವುದು ಅದನ್ನ ನೋಡು. ಫೋಟೋ ತಗಿಯಾವನ ಮನಸು ಅಲ್ಲಿರತದ. ಇವರು ಬೇಕಂತನ ಬಳಿ ತಿರುವಿ ಹಿಂದಿನ ಕಂಬಕ್ಕ, ಪರದೆಗೆ ಇಟ್ಟಾರ. ಏನೋ ಮುಚ್ಚಾಕತ್ತಾರ."

ಅಂದಿನಿಂದ ನನ್ನ ಎದೆಯಲ್ಲೂ ಅನುಮಾನ ಹೊಕ್ಕಿತು. ಮುಖದ ಮೇಲೆ ಸಿಡುಬಿನ ಕಲೆಯೋ, ಇನ್ನೇನೋ. ವಯಸ್ಸೇ ಹೆಚ್ಚೋ, ಅಥವಾ ಅವನ ಬದಲು ಬೇರೊಬ್ಬನನ್ನೇ ಕೂರಿಸಿದ್ದರೋ. ತಂದೆ ಮಾತು ಕೊಡುವ ಆತುರದಲ್ಲಿದ್ದರು. ಅತ್ತೆ ಹೋಗಿ ನೋಡುತ್ತೇನೆ ಎಂದಾಗ ಅವರು ಹೆದರಿದರು. ವರನ ಕಡೆಯವರಿಗೆ ಅಪಮಾನವಾದರೆ ಆ ಊರಿನಿಂದ ಇನ್ನೊಂದು ಸಂಬಂಧ ಬರಲಾರದು. ಹೆಣ್ಣಿನ ಕಡೆಯವರು ಗಂಡನ್ನು ತಪಾಸಣೆ ಮಾಡುವುದು ನಮ್ಮಲ್ಲಿ ಇಲ್ಲ.

"ನಾ ಅಕ್ಕಲಕೋಟಿ ಸ್ವಾಮಿಗಳ ದರ್ಶನಕ್ಕ ಹೊಂಟೀನಿ. ಗುರುವಾರ. ಯಾರು ಬ್ಯಾಡ ಅಂತಾರ?" ಎಂದು ಅತ್ತೆ ನನ್ನನ್ನೂ ಕರೆದುಕೊಂಡು ಎಸ್.ಟಿ. ಬಸ್ಸು ಹತ್ತಿದಳು. ಮಡಿಲಲ್ಲಿ ಹೂವಿನ ಬುಟ್ಟಿ, ಹೂವಿನ ಕೆಳಗೆ ಕ್ಯಾಮೆರಾ.

ದರ್ಶನ ಮುಗಿಸಿ ಆ ಮನೆ ಹುಡುಕಿಕೊಂಡು ಹೋದೆವು. ಹುಡುಗನ ತಾಯಿ ಚಾಪೆ ಹಾಸಿದಳು. ಮಾತು ಸಿಹಿಯಾಗಿತ್ತು, ಆದರೆ ಕಣ್ಣು ಅತ್ತೆಯ ಮಣಿಕಟ್ಟಿನ ಮೇಲೆಯೇ. ಹುಡುಗ ಒಳಗಿನಿಂದ ನೀರು ತಂದ. ಪಡಸಾಲೆಯಲ್ಲಿ ಬೆಳಕು ಕಡಿಮೆ. ನಾನು ತಲೆ ಎತ್ತಲಿಲ್ಲ. ತಂಬಿಗೆಯಿಂದ ಲೋಟಕ್ಕೆ ನೀರು ಹಾಕುವ ಮೊದಲು ಅವನು ತಂಬಿಗೆಯ ಬಾಯಿಯನ್ನು ಲೋಟದ ಅಂಚಿಗೆ ಮುಟ್ಟಿಸಿದ. ಎರಡನೆಯ ಲೋಟಕ್ಕೂ ಹಾಗೆಯೇ, ಟಿಣ್ ಎಂದು. ಅತ್ತೆ ಅದನ್ನು ನೋಡಿದಳು.

ಕುಡಿದಾದ ಮೇಲೆ ಬುಟ್ಟಿಯಿಂದ ಕ್ಯಾಮೆರಾ ತೆಗೆದಳು. "ಅಂಗಳದಾಗ ಒಂದು ಫೋಟೋ ತಗೀತೀನ್ರಿ."

"ಎರಡು ಕಳಿಸೇವಲ್ಲರಿ," ಎಂದಳು ತಾಯಿ.

"ಹೌದ್ರಿ, ಭಾಳ ಛಲೋ ಬಂದಾವ. ಕಂಬ ಅಂತೂ ಎದ್ದು ಮಾತಾಡತದ."

ತಾಯಿಯ ಮುಖ ಬಿಗಿಯಿತು. ಹೊರಗೆ ಆಷಾಢದ ಮೋಡ. ಅತ್ತೆ ಅಂಗಳಕ್ಕಿಳಿದು ಮಣಿಕಟ್ಟಿನಿಂದ ದಾರ ಬಿಚ್ಚತೊಡಗಿದಾಗ ಆ ತಾಯಿಗೆ ತಡೆಯಲಾಗಲಿಲ್ಲ. "ಅಯ್ಯ ಶಿವನ! ಬದಕಿದ್ದವರಿಗೆ ದಾರಾ ಹಿಡದು ಅಳೀತಾರೇನ್ರಿ? ಅರಿವಿ ಅಂಗಡಿಯವರು ನೀವು, ನಿಮಗ ಗೊತ್ತಿಲ್ಲೇನು? ಹಂಗ ಅಳಿಯೂದು ಹೆಣದ ಅರಿವಿಗೆ. ನನ್ನ ಮಗನ ಅಳತಿ ತಗೋಳಾಕ ಬಂದೀರೇನು?"

ಅತ್ತೆಯ ಕೈ ನಿಂತಿತು. ಅವಳಿಗೂ ಆ ಮಾತು ತಾಗಿತ್ತು. ಗಂಡ ಸತ್ತ ದಿನ ಅಂಥ ದಾರವನ್ನು ಅವಳು ಕಂಡವಳೇ. ಇನ್ನು ಹೊರಟು ಹೋಗುವುದೊಂದೇ ಉಳಿದಿದೆ, ನನ್ನ ಕಥೆ ಇಲ್ಲಿಗೆ ಮುಗಿಯಿತು ಎಂದುಕೊಂಡೆ.

ಆಗ ಹುಡುಗ ಅಂಗಳಕ್ಕೆ ಇಳಿದು ಬಂದ. ಜೋತಾಡುತ್ತಿದ್ದ ದಾರದ ತುದಿಯನ್ನು ಹಿಡಿಯಲು ಕೈ ಚಾಚಿದ; ಒಮ್ಮೆ ತಪ್ಪಿತು, ಎರಡನೆಯ ಸಲ ಸಿಕ್ಕಿತು. ಅದನ್ನು ತಾನೇ ತನ್ನ ಎಡಗಣ್ಣಿನ ಹತ್ತಿರ ಹಿಡಿದು ನಿಂತ.

"ಇಲ್ಲಿಗೆ ಅಳೀರಿ. ನೀವು ನೋಡಾಕ ಬಂದದ್ದು ಇಲ್ಲೇ ಅದ."

ನಾನು ತಲೆ ಎತ್ತಿದೆ. ಎಡಗಣ್ಣಿನ ಕರಿಗುಡ್ಡೆಯ ಮೇಲೆ ಬಿಳಿಯ ಹೂವು ಬಿದ್ದಿತ್ತು.

"ಸಣ್ಣಾವಿದ್ದಾಗ ಜ್ವಾಳದ ದಂಟು ಚುಚ್ಚಿತ್ತು. ಈ ಕಣ್ಣು ಕಾಣೂದಿಲ್ಲ. ಅವ್ವ ಸ್ಟುಡಿಯೋದವಗ ಹೇಳಿ ಮಾರಿ ಮಸಕ ಮಾಡಿಸ್ಯಾಳ. ನಾ ಬ್ಯಾಡ ಅಂದಿದ್ದೆ," ಎಂದ. ಆಮೇಲೆ ಕ್ಯಾಮೆರಾ ನೋಡಿ ಸ್ವಲ್ಪ ನಕ್ಕ. "ನಿಮ್ಮ ಕ್ಯಾಮೆರಾಕ್ಕೂ ಒಂದ ಕಣ್ಣು, ನನಗೂ ಒಂದ. ಎಷ್ಟು ದೂರ ಅನ್ನೂದು ಇಬ್ಬರಿಗೂ ತಿಳಿಯೂದಿಲ್ಲ. ಮುಟ್ಟಿ ನೋಡಬೇಕು, ಇಲ್ಲಾ ಅಳದು ನೋಡಬೇಕು."

ಅತ್ತೆ ಅಳೆದಳು. ಬಳೆ ತಿರುಗಿಸಿದಳು. ಮತ್ತೆ ಅಳೆದಳು. ಗುಂಡಿ ಒತ್ತಿದಳು. ಒಳಗೆ ತಾಯಿ ಸೆರಗು ಬಾಯಿಗೆ ಹಿಡಿದು ಅಳುತ್ತಿದ್ದಳು. ಅತ್ತೆ ಅವಳ ಹತ್ತಿರ ಹೋಗಿ ಕೂತು, "ನಿಮ್ಮ ಜಾಗಾದಾಗ ನಾ ಇದ್ದಿದ್ರ ನಾನೂ ಹಂಗ ಮಾಡತಿದ್ದೆ. ಆದ್ರ ಕಂಬಾನೂ ಮಸಕ ಮಾಡಸತಿದ್ದೆ," ಎಂದಳು. ಅಳುತ್ತಲೇ ಆ ತಾಯಿ ನಕ್ಕುಬಿಟ್ಟಳು.

ಸೊಲ್ಲಾಪುರಕ್ಕೆ ಬಂದು ರೋಲನ್ನು ಸ್ಟುಡಿಯೋಗೆ ಕೊಟ್ಟಾಗ ಅಲ್ಲಿಯವನು ಮರಾಠಿಯಲ್ಲಿ, "ಮಾವಶೀ, ಉದ್ಯಾ ಯಾ," ಎಂದ. ನಾಳೆ ಬಾ ಎಂದರೆ ಅತ್ತೆ ಕೇಳುತ್ತಾಳೆಯೇ? "ಉದ್ಯಾ ಕುಣೀ ಪಾಹಿಲಾ," ನಾಳೆಯನ್ನು ಕಂಡವರಾರು ಎಂದು ಹೇಳಿ ಕತ್ತಲೆಕೋಣೆಯ ಬಾಗಿಲಲ್ಲೇ ಕೂತಳು. ಬೇರೆಯವರ ಫೋಟೋ ಕೊಟ್ಟುಬಿಟ್ಟಾನು ಎಂಬ ಭಯ.

ಮನೆಯಲ್ಲಿ ಎಲ್ಲ ತಿರುಗುಮುರುಗಾಯಿತು. ಈಗ ಸಂಶಯ ತಂದೆಯದು. "ಇದನ್ನ ಮುಚ್ಚಿದವರು ಇನ್ನೇನು ಮುಚ್ಚಿರಬಹುದು? ಮೋಸದ ಮಂದಿ. ಬ್ಯಾಡ," ಎಂದರು.

"ಮುಚ್ಚಿದಾಕಿ ಅವ್ವ, ತಗದು ತೋರಿಸಿದಾವ ಮಗ," ಎಂದಳು ಅತ್ತೆ. "ತಂಬಿಗಿ ಲೋಟಕ್ಕ ಮುಟ್ಟಿಸಿ ನೀರ ಹಾಕೂ ಮುಂದ ನಾ ನೋಡೀನಿ. ತನ್ನ ಕಣ್ಣ ತಾನು ನಂಬದಾವ ಅವ. ಅಂಥಾವನ್ನ ಮಂದಿ ನಂಬಬಹುದು." ಅವಳ ಬಾಯಲ್ಲಿ 'ನಂಬಬಹುದು' ಎಂಬ ಪದವನ್ನು ನಾನು ಕೇಳಿದ್ದು ಅದೇ ಮೊದಲು. ಆಮೇಲೆ ಫೋಟೋವನ್ನು ನನ್ನ ಕೈಗೆ ಕೊಟ್ಟಳು. "ಸಂಸಾರ ಮಾಡಾಕಿ ನೀ. ಇದ್ದದ್ದು ಇದ್ದಂಗ ಬಂದದ. ನೋಡಿ ಹೇಳು."

ಎರಡೂ ಕಣ್ಣು ಸ್ವಚ್ಛವಾಗಿ ಬಂದಿದ್ದವು. ಕಾಣುವ ಕಣ್ಣು ನೇರವಾಗಿ ನನ್ನನ್ನೇ ನೋಡುತ್ತಿತ್ತು. ಹೂವು ಬಿದ್ದ ಕಣ್ಣೂ ಎಲ್ಲಿಯೂ ಅಡಗಿರಲಿಲ್ಲ. ಹಿಂದಿನ ಗೋಡೆ ಮಾತ್ರ ಮಂಜಾಗಿತ್ತು. ನಾನು ಹೂಂ ಎಂದೆ.

ಇಂದಿಗೂ ನಮ್ಮ ಮನೆಯಲ್ಲಿ ನೀರು ಹಾಕುವಾಗ ಟಿಣ್ ಎನ್ನುತ್ತದೆ.

ಮದುವೆಯಾದ ಮೇಲೆ ಒಂದು ನಾಗರಪಂಚಮಿಗೆ ತವರಿಗೆ ಹೋಗಿದ್ದೆ. ನಮ್ಮ ಮನೆಯವರೂ ಬಂದಿದ್ದರು. ಅತ್ತೆ ಸೊರಗಿದ್ದಳು, ದಾರ ಮಣಿಕಟ್ಟಿನಿಂದ ಜಾರಿ ಮೊಣಕೈಗೆ ಹೋಗುತ್ತಿತ್ತು. ವೈದ್ಯರು ಕೊಟ್ಟ ಗುಳಿಗೆಗಳನ್ನು ಮೂಸಿ ನೋಡಿ ನುಂಗುತ್ತಿದ್ದಳು. ಎಲ್ಲರ ಫೋಟೋ ಅವಳೇ ತೆಗೆದದ್ದರಿಂದ ಅವಳದು ಒಂದೂ ಇರಲಿಲ್ಲ. ನಾನು ತೆಗೆಯುತ್ತೇನೆ ಎಂದೆ. ಬಹಳ ಹೊತ್ತು ಬೇಡವೆಂದು, ಕೊನೆಗೆ ಕುರ್ಚಿಯ ಮೇಲೆ ಕೂತಳು. ಶ್ರಾವಣದ ಮೋಡವಿತ್ತು. ನಾನು ಕ್ಯಾಮೆರಾದ ಕಡೆ, ಮನೆಯವರು ದಾರದ ತುದಿ ಹಿಡಿದು ಅವಳ ಕಣ್ಣಿನ ಕಡೆ. ಬದುಕಿದ್ದವರಿಗೆ ದಾರ ಹಿಡಿಯಬಾರದು ಎಂಬ ಮಾತು ನನ್ನ ತಲೆಯಲ್ಲಿ ಸುಳಿದು ಹೋಯಿತು. ಅವಳೂ ನೆನಪಿಸಿಕೊಂಡಿರಬೇಕು.

ಗಂಟು ಎಣಿಸಿದೆ, ಬಳೆ ತಿರುಗಿಸಿದೆ. ಮನೆಯವರು ಪಕ್ಕಕ್ಕೆ ಸರಿದರು. ಗುಂಡಿ ಒತ್ತುವ ಕ್ಷಣಕ್ಕೆ ಸರಿಯಾಗಿ ಅತ್ತೆ ಮುಂದಕ್ಕೆ ಬಾಗಿದಳು. "ತಡಿ, ಬಳಿ ಎಷ್ಟಕ್ಕ ಇಟ್ಟೀ ನೋಡೂಣು."

ಅದು ರೋಲಿನ ಕೊನೆಯ ಫೋಟೋ. ಮುಂದಿನ ಪಂಚಮಿಗೆ ಅತ್ತೆ ಇರಲಿಲ್ಲ. ಅವಳು ತೀರಿಕೊಂಡ ದಿನ ಹೊದಿಸುವ ಹೊಸ ಅರಿವೆಯನ್ನು ತಂದೆ ಅಂಗಡಿಯಿಂದ ತಾವೇ ಹರಿದು ತಂದರು. ಅಳೆಯಲು ಯಾರೋ ಅವಳ ಕೈಯ ದಾರಕ್ಕೇ ಕೈ ಹಾಕಿದಾಗ ನಾನು ಬಿಡಲಿಲ್ಲ. ಅದನ್ನು ಬಿಚ್ಚಿ ನನ್ನ ಬಳೆಗಳ ಮೇಲೆ ಸುತ್ತಿಕೊಂಡೆ.

ಹಾರ ಹಾಕಲು ಫೋಟೋ ಬೇಕಾದಾಗ ಸಿಕ್ಕಿದ್ದು ಅದೊಂದೇ. ಸ್ಟುಡಿಯೋದವನಿಗೆ ಕೊಟ್ಟರೆ ಕಣ್ಣು ಮೂಗು ತಿದ್ದಿ ಕೊಡುತ್ತಾನೆ ಎಂದರು ತಂದೆ. ಬೇಡ ಎಂದೆ. ಹಾಗೆಯೇ ಕಟ್ಟು ಹಾಕಿಸಿ ಅಕ್ಕಲಕೋಟೆಯ ನಮ್ಮ ಪಡಸಾಲೆಯಲ್ಲಿ ತೂಗುಹಾಕಿದ್ದೇವೆ. ಕುರ್ಚಿಯ ಬೆನ್ನು ಸ್ವಚ್ಛವಾಗಿ ಬಂದಿದೆ. ಅದರ ಮೇಲೆ ಹಾಕಿದ ಚಾದರಿನ ನೂಲು ನೂಲೂ ಕಾಣುತ್ತದೆ. ಅವಳು ಒರಗಿದ್ದ ಜಾಗ ಅದು. ಅವಳು ಮಾತ್ರ ಮಂಜು, ನನ್ನ ಕಡೆಗೆ ಬಾಗಿದ ಒಂದು ಬೆಳ್ಳನೆಯ ಮುಖ.

ಬಂದವರು ಚುಕಿಯಾಗಿದೆ ಎನ್ನುತ್ತಾರೆ. ನಾನು ದೀಪ ಹಚ್ಚುವಾಗ ಅವಳಿಗಷ್ಟೇ ಕೇಳುವಂತೆ, "ಬಳಿ ಅಳತಿಗೆ ಬರೋಬರಿ ಇಟ್ಟಿದ್ದೆ, ಅತ್ತಿ," ಎನ್ನುತ್ತೇನೆ.

ಅವಳು ನಂಬುವುದಿಲ್ಲ. ಬಾಗಿ ನೋಡುತ್ತಲೇ ಇರುತ್ತಾಳೆ.