ಇಷ್ರತ ಮೇಡಂ ಹೆಸರಿಟ್ಟ ಹುಳು

ರೋಣದ ಒಂದು ಖಾಸಗಿ ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುವ ಇಷ್ರತ ಮೇಡಂ ಬಗ್ಗೆ ಯಾರನ್ನು ಕೇಳಿದರೂ ಮೊದಲು ಬರುವ ಮಾತು ಒಂದೇ: ಆಕೆ ಸುಮ್ಮನಿರುವವಳಲ್ಲ. ಬಸ್ಸಿನಲ್ಲಿ ಹೆಂಗಸರ ಸೀಟಿನಲ್ಲಿ ಕೂತ ಗಂಡಸರನ್ನು ಎಬ್ಬಿಸಿಯೇ ಎಬ್ಬಿಸುತ್ತಾಳೆ. ಮನೆ ಗಜೇಂದ್ರಗಡದಲ್ಲಿ, ಗುಡ್ಡದ ಬುಡಕ್ಕೆ. ಮಗ್ಗ ನೇಯ್ದು ಮಗಳನ್ನು ಎಂ.ಎಸ್ಸಿ. ಓದಿಸಿದ ತಂದೆ ಫಕ್ರುಸಾಬ ಈಗಿಲ್ಲ. ತಾಯಿ ಶರೀಫಾಬಿ ಇದ್ದಾರೆ. ಮಾತಿಗೆ ಮಾತು ಕೊಡುವುದನ್ನು ಮಗಳು ಅವರಿಂದಲೇ ಕಲಿತದ್ದು.

ಒಂದು ರವಿವಾರ ಪಾಠಕ್ಕೆ ಹೂವು ಬೇಕೆಂದು ಗುಡ್ಡ ಹತ್ತಿದ್ದಳು. ಅಲ್ಲಿ ತಂಗಡಿ, ಅಂದರೆ ಆವರಿಕೆ ಗಿಡದ ಎಳೆ ಕಾಯಿಯ ಮೇಲೆ ಒಂದು ಹುಳು ಕಂಡಿತು. ಎಳ್ಳುಕಾಳಿನಷ್ಟು ಮೈ, ಸೊಂಡಿಲಿನಂತೆ ಬಾಗಿದ ಉದ್ದ ಮೂತಿ. ಆ ಮೂತಿಯಿಂದ ಕಾಯಿ ಕೊರೆದು, ತಿರುಗಿ ನಿಂತು, ತೂತಿನೊಳಗೆ ಮೊಟ್ಟೆ ಇಡುತ್ತಿತ್ತು. ಜೋಳಕ್ಕೆ ಹತ್ತುವ ನುಸಿಯ ಬಳಗದ್ದೇ. ಆದರೆ ಇದರ ಬೆನ್ನಿಗೆ ಬೂದು ಬಣ್ಣದ ಪಟ್ಟಿಯಿತ್ತು. ಅಂಥದ್ದನ್ನು ಆಕೆ ಯಾವ ಪುಸ್ತಕದಲ್ಲೂ ನೋಡಿರಲಿಲ್ಲ. ಕೆಲವನ್ನು ಹಿಡಿದು, ತಾನು ಓದಿದ ವಿಶ್ವವಿದ್ಯಾಲಯದ ಪ್ರೊಫೆಸರ್ ಮಾಲತೇಶ ಅವರಿಗೆ ಕಳಿಸಿಕೊಟ್ಟಳು.

ಅವರ ಫೋನು ಬಂತು. "ಇದೇನ ಹೊಸದಲ್ಲ ಇಷ್ರತ. ಹಳೇ ಜಾತೀದ ಐತಿ. ಮೈಮ್ಯಾಲಿನ ಹುರುಪೆ ಉದುರ್ಯಾವ, ಅದಕ್ಕ ಪಟ್ಟಿ ಇದ್ದಂಗ ಕಾಣತೈತಿ. ನೀ ಪಾಠಾ ಮಾಡ್ಕೊಂಡು ಆರಾಮ ಇರು."

"ಹಂಗಾರ ನಾ ಕಳಿಸಿದ್ದು ತಿರುಗಿ ಕಳಸ್ರಿ ಸರ್."

"ಎಲ್ಲೋ ಇಟ್ಟೇನಿ. ಹುಡುಕಿ ನೋಡ್ತೀನಿ."

ಅವು ಬರಲೇ ಇಲ್ಲ. ಇಷ್ರತಳಿಗೆ ಸಿಟ್ಟು ಬಂತು. ಸಿಟ್ಟಿನ ಜೊತೆಗೆ ಒಂದು ಉಪಾಯವೂ ಹೊಳೆಯಿತು. ಮೈಗೆ ಹತ್ತಿದ ಪುಡಿಯಂಥ ಹುರುಪೆ ಉದುರಿದ್ದರಿಂದಲೇ ಪಟ್ಟಿ ಕಂಡಿದ್ದರೆ, ಕಾಯಿಯಿಂದ ಆಗಷ್ಟೇ ಹೊರಬಂದ ಹುಳುವಿನ ಮೇಲೆ ಅದು ಇರಬಾರದು. ಗುಡ್ಡದಿಂದ ಚೀಲಗಟ್ಟಲೆ ತಂಗಡಿ ಕಾಯಿ ತಂದು ಬಾಟಲಿಗಳಲ್ಲಿ ಹಾಕಿ, ಬಾಯಿಗೆ ಅರಿವೆ ಕಟ್ಟಿ, ಕಾದು ಕೂತಳು.

ಓಣಿಯ ಹಿರಿಯ ಅಕ್ಬರಸಾಬ ಮನೆಗೇ ಬಂದರು. "ಶರೀಫಾಬಿ, ಮಗಳು ಒಬ್ಬಾಕೀನ ಗುಡ್ಡಾ ಹತ್ತತಾಳ. ಮಂದಿ ಏನಂದಾರು?"

"ಮಂದೀಗೆ ಕೆಲಸಾ ಇಲ್ಲಂದ್ರ ಅವ್ರನ್ನೂ ಕರ್ಕೊಂಡ ಹೋಗಂತೀನಿ ತಗೋರಿ ಭಾಯಿ," ಎಂದರು ಶರೀಫಾಬಿ. "ಕಾಯಿ ಹರಿಯಾಕ ಕೈ ಕಮ್ಮಿ ಬಿದ್ದಾವ."

ಅಕ್ಬರಸಾಬ ಚಹಾ ಕುಡಿದು ಎದ್ದುಹೋದರು.

ಆ ವರ್ಷ ಬಾಟಲಿಗಳಿಂದ ಹೊರಬಂದದ್ದು ಬರೀ ಸಣ್ಣ ಕಣಜಗಳು. ಕಾಯಿಯೊಳಗಿನ ಮರಿಹುಳುಗಳನ್ನು ಅವು ತಿಂದು ಮುಗಿಸಿದ್ದವು. ಕಾಲೇಜಿನ ಸಹೋದ್ಯೋಗಿ ತೋಟಪ್ಪ ನಕ್ಕರು. "ಮೇಡಂ, ಹುಳಾ ಸಾಕಾಕ ಹೋಗಿ ಕಣಜಾ ಸಾಕಿದ್ರಲ್ರಿ!"

"ಹೌದ್ರಿ. ಕಣಜಾ ಬಂದಾವಂದ್ರ ಒಳಗ ಹುಳಾ ಇದ್ದದ್ದು ಖರೇ ಆತಲ್ರಿ."

ಮುಂದಿನ ವರ್ಷ ಹುಳುಗಳು ಬಂದವು. ಹೆಣ್ಣೂ ಇತ್ತು, ಗಂಡೂ ಇತ್ತು. ಒಂದು ಹುರುಪೆಯೂ ಉದುರಿರಲಿಲ್ಲ, ಬೂದು ಪಟ್ಟಿ ಇನ್ನಷ್ಟು ಸ್ಪಷ್ಟವಾಗಿತ್ತು. ಗಂಡಿನ ಮುಂಗಾಲಲ್ಲಿ ಒಂದು ಮುಳ್ಳು. ಅಷ್ಟಕ್ಕೇ ಹೊಸ ಜಾತಿ ಎನ್ನುವಂತಿಲ್ಲ. ನೋಡಲು ಒಂದೇ ಥರ ಇರುವ ಹುಳುಗಳನ್ನು ಬೇರೆ ಮಾಡಿ ಹೇಳಬೇಕಾದರೆ ಗಂಡಿನ ಜನನಾಂಗ ನೋಡಬೇಕು. ಜಾತಿ ಬದಲಾದರೆ ಅದರ ಆಕಾರವೂ ಬದಲಾಗುತ್ತದೆ. ಇಷ್ರತ ಹೊಲಿಗೆ ಸೂಜಿಯ ಮೊನೆಯನ್ನು ಇನ್ನಷ್ಟು ಮಸೆದು, ಸೂಕ್ಷ್ಮದರ್ಶಕದ ಕೆಳಗೆ ಅದನ್ನು ಬಿಡಿಸಿ ತೆಗೆದು, ಚಿತ್ರ ಬರೆದಳು. ತುದಿ ಕವಲೊಡೆದಿತ್ತು. ಪ್ರೊಫೆಸರರು ಹೇಳಿದ ಹಳೇ ಜಾತಿಗೆ ಹೆಸರಿಡುವಾಗ ಆಧಾರವಾಗಿದ್ದ ಹುಳು, ಅಂದರೆ ಮೂಲ ಮಾದರಿ, ಹೊರದೇಶದ ಒಂದು ಸಂಗ್ರಹಾಲಯದಲ್ಲಿತ್ತು. ಪತ್ರದ ಮೇಲೆ ಪತ್ರ ಬರೆದು ಅದರ ಫೋಟೋ ತರಿಸಿದಳು. ಅದರ ತುದಿ ಗುಂಡಗಿತ್ತು, ಕಾಲಲ್ಲಿ ಮುಳ್ಳೂ ಇರಲಿಲ್ಲ.

ಒಂದು ವಿಚಾರ ಸಂಕಿರಣದಲ್ಲಿ ಇದನ್ನು ಹೇಳಲು ನಿಂತಳು. ಪರದೆಯ ಮೇಲೆ ಚಿತ್ರ ಬಂದು, "ಇದು ಗಂಡಿನ ಜನನಾಂಗ" ಎಂದದ್ದೇ ಹಿಂದಿನ ಸಾಲುಗಳಲ್ಲಿ ಕಿಸಿಕಿಸಿ ಶುರುವಾಯಿತು. ಬುರ್ಖಾ ಹಾಕಿದ ಹೆಣ್ಣುಮಗಳ ಬಾಯಲ್ಲಿ ಆ ಮಾತು ಅವರಿಗೆ ತಮಾಷೆಯಾಗಿತ್ತು. ಇಷ್ರತ ನಿಲ್ಲಿಸಿದಳು.

"ನಗೋದು ಮುಗೀಲಿ. ಆಮ್ಯಾಲ ಮುಂದಿನ ಚಿತ್ರ ತೋರಸ್ತೀನಿ."

ನಗು ನಿಂತ ಮೇಲೆ ಉಳಿದ ಚಿತ್ರಗಳನ್ನೆಲ್ಲ ತೋರಿಸಿದಳು. ಮುಂದಿನ ಸಾಲಿನಿಂದ ಮಾಲತೇಶ ಎದ್ದರು. "ಇದು ಹಳೇ ಜಾತೀದ ಅಂತ ಆಗಲೇ ಹೇಳಿದ್ದೆ. ಹುರುಪೆ ಉದುರಿದ್ದು."

"ಸರ್, ಇವು ಕಾಯಿ ಒಡೆದು ನನ್ನ ಕಣ್ಣಮುಂದ ಹೊರಗ ಬಂದಾವ. ಹುರುಪೆ ಉದುರಾಕ ಟೈಮ್ ಎಲ್ಲಿತ್ರಿ? ಮತ್ತ ಹುರುಪೆ ಉದುರಿದ್ರ ಕಾಲಾಗ ಮುಳ್ಳು ಹುಟ್ಟತೈತೇನ್ರಿ?"

ಅವರು ಕೂತರು. ಚಹಾದ ಹೊತ್ತಿಗೆ ಆಕೆಯನ್ನು ಬದಿಗೆ ಕರೆದರು. ದನಿ ಬದಲಾಗಿತ್ತು. "ಹೊಸದ ಇರಬೇಕು ಬಿಡು. ಲೇಖನಕ್ಕ ಮೊದಲನೇ ಹೆಸರು ನಂದಿರ್ಲಿ, ಎರಡನೇದು ನಿಂದು. ಹುಳಕ್ಕ ನಮ್ಮ ಕುಲಪತಿಗಳ ಹೆಸರಿಡೋಣು. ನಿನ್ನ ಪಿಎಚ್.ಡಿ. ಸೀಟು ನಾ ನೋಡ್ಕೋತೀನಿ."

ಆ ಸೀಟಿಗಾಗಿ ಇಷ್ರತ ಎಷ್ಟೋ ವರ್ಷದಿಂದ ಕಾದಿದ್ದಳು. ಕೈಯಲ್ಲಿದ್ದ ಚಹಾ ಕೆಳಗಿಟ್ಟಳು.

"ಅವತ್ತ ಕಳಿಸಿದ ಹುಳಾ ಸಿಕ್ಕೂವೇನ್ರಿ ಸರ್?"

ಅವರು ಬಿಸ್ಕೀಟಿನ ತಟ್ಟೆಯತ್ತ ಕೈ ಚಾಚಿದರು.

"ಹಂಗಾರ ಬ್ಯಾಡ್ರಿ. ನಾನ ಬರೀತೀನಿ."

ತಿರುಗಿ ಬರುವಾಗ ಬಸ್ಸು ನರೇಗಲ್ ದಾಟುವವರೆಗೂ ಕಿಟಕಿಗೆ ಮುಖ ಮಾಡಿ ಅತ್ತಳು. ಮನೆಗೆ ಬಂದು ಮುಖ ತೊಳೆದು ಬರೆಯಲು ಕೂತಳು. ಮೊದಲು ಕಳಿಸಿದ ಪತ್ರಿಕೆ ಓದದೆಯೇ ಹಿಂದಕ್ಕೆ ಕಳಿಸಿತು. ಇನ್ನೊಂದು ಪತ್ರಿಕೆ, ಅಳತೆಗಳು ಸಾಲವು, ಚಿತ್ರಗಳನ್ನೆಲ್ಲ ಮತ್ತೆ ಬರೆಯಿರಿ ಎಂದಿತು. ಅದು ನ್ಯಾಯವಾದ ಮಾತು. ಬೇಸಗೆ ರಜೆಯೆಲ್ಲ ಕೂತು ಬರೆದಳು.

ಹೆಸರಿನ ವಿಷಯ ಬಂದಾಗ ತಾಯಿಯನ್ನು ಕೇಳಿದಳು. "ಅಮ್ಮಾ, ನಿನ್ನ ಹೆಸರಿಡ್ಲೇನು?"

"ಹುಳಕ್ಕ? ನನ್ನ ಹೆಸರು? ಕಾಲು ಮುರೀತೀನಿ ನೋಡು!"

ಗಜೇಂದ್ರಗಡದ ಹೆಸರನ್ನೇ ಇಟ್ಟಳು. ಲೇಖನ ಅಚ್ಚಾಯಿತು, ಲೇಖಕರ ಜಾಗದಲ್ಲಿ ಆಕೆಯದೊಂದೇ ಹೆಸರು. ಮೂಲ ಮಾದರಿಯನ್ನು ದೊಡ್ಡ ಸಂಗ್ರಹಾಲಯವೊಂದಕ್ಕೆ ಒಪ್ಪಿಸಿದಳು. ಇನ್ನು ಯಾರು ಬೇಕಾದರೂ ಕೇಳಿ ನೋಡಬಹುದು, ಯಾರೂ ಎಲ್ಲೋ ಇಟ್ಟು ಮರೆಯುವಂತಿಲ್ಲ.

ಪಿಎಚ್.ಡಿ. ಸೀಟು ಸಿಗಲಿಲ್ಲ. ಕಾಲೇಜಿನವರು ಸನ್ಮಾನ ಇಟ್ಟುಕೊಂಡು, ಮಾಲತೇಶರನ್ನೇ ಮುಖ್ಯ ಅತಿಥಿಯಾಗಿ ಕರೆದರು. "ಅವ್ರು ಬಂದ್ರ ನಾ ಬರಂಗಿಲ್ರಿ," ಎಂದಳು. ಕರೆದವರನ್ನು ಬೇಡ ಎನ್ನಲು ಆಡಳಿತ ಮಂಡಳಿಗೆ ಆಗಲಿಲ್ಲ. ಸಭೆಯೇ ರದ್ದಾಯಿತು. ಒಂದು ಮಾತಿಗೆ ತಗ್ಗಿ ನಡೆಯಬಾರದಿತ್ತೇ ಎಂದು ತೋಟಪ್ಪ ಕೇಳಿದರೆ, "ತಗ್ಗಿದ್ದು ಸಾಕಾಗೇತ್ರಿ" ಎಂದಷ್ಟೇ ಹೇಳಿ ಕ್ಲಾಸಿಗೆ ನಡೆದಳು.

ಬರುವ ರವಿವಾರ ನರಗುಂದದ ಗುಡ್ಡಕ್ಕೆ ಹೊರಟಿದ್ದಾಳೆ. ಅಲ್ಲಿನ ತಂಗಡಿಯಲ್ಲೂ ಒಂದು ಹುಳುವಿದೆಯಂತೆ, ಅದರ ಬೆನ್ನ ಮೇಲೆ ಪಟ್ಟಿಯಿಲ್ಲವಂತೆ. ಹಳೆಯದೋ ಹೊಸದೋ, ನೋಡಿಯೇ ಹೇಳುತ್ತೇನೆ ಎನ್ನುತ್ತಾಳೆ.