ಗಿಣಿಮೂಗಿನ ಅಲಸಂದಿ ಮತ್ತು ನಮ್ಮೂರ ಕಂಪ್ಯೂಟರ್

ನಮ್ಮೂರಿಗೆ ಕಂಪ್ಯೂಟರ್ ಬಂದದ್ದು ಎತ್ತಿನ ಗಾಡಿಯಲ್ಲಿ, ಗಾದಿಯ ಮೇಲೆ ಮಲಗಿಕೊಂಡು. ಬೈಲಹೊಂಗಲದಿಂದ ಮುರಗೋಡದವರೆಗೆ ಟೆಂಪೋದಲ್ಲೇ ಬಂದಿತ್ತು. ಮುಂದೆ ನಮ್ಮೂರ ರಸ್ತೆಯ ತಗ್ಗುಗಳನ್ನು ನೋಡಿ ಟೆಂಪೋದವನು ಕೈ ಮುಗಿದುಬಿಟ್ಟ. ಎರಡು ಸಾವಿರದ ಇಸವಿ ದಾಟಿ ಒಂದೆರಡು ವರ್ಷವಾಗಿತ್ತು. ಒಂದು ಸಂಸ್ಥೆಯವರು ನಮ್ಮ ಭಾಗದ ಐದು ಊರುಗಳಲ್ಲಿ ಮಾಹಿತಿ ಕೇಂದ್ರ ತೆರೆಯುತ್ತಿದ್ದರು. ಸಮುದಾಯ ಭವನದ ಮೂಲೆ ಕೋಣೆಗೆ ಬಣ್ಣ ಬಳಿದು, "ಮಾಹಿತಿ ತಂತ್ರಜ್ಞಾನದ ಮೂಲಕ ಸುಸ್ಥಿರ ಅಭಿವೃದ್ಧಿ" ಎಂದು ಬರೆಸಿದರು. ಗೋಡೆ ಸಣ್ಣದು, ಮಾತು ದೊಡ್ಡದು. ಪೇಂಟರ್ ಕೊನೆಯ ಶಬ್ದವನ್ನು ಮೂಲೆ ತಿರುಗಿಸಿ ಪಕ್ಕದ ಗೋಡೆಗೆ ಬರೆದ. ಹೀಗಾಗಿ ಬಾವಿ ಕಡೆಯಿಂದ ಬರುವವರಿಗೆ ಅಭಿವೃದ್ಧಿ ಮಾತ್ರ ಕಾಣುತ್ತಿತ್ತು.

ಆ ಕೋಣೆಯ ಕೀಲಿಕೈ ನನ್ನ ಹತ್ತಿರ. ಬೈಲಹೊಂಗಲದಲ್ಲಿ ಬಿ.ಕಾಂ. ಮುಗಿಸಿ, ಮೂರು ತಿಂಗಳ ಕಂಪ್ಯೂಟರ್ ಕೋರ್ಸು ಮಾಡಿ ಊರಿಗೆ ಬಂದಿದ್ದೆ. ಆಗ ನನಗಿದ್ದ ಧಿಮಾಕು ನೆನೆಸಿಕೊಂಡರೆ ಈಗಲೂ ನಾಚಿಕೆಯಾಗುತ್ತದೆ. ದಿನಾ ಸಂಜೆ ಯರಗಟ್ಟಿ ಪೇಟೆಯ ಧಾರಣೆಯನ್ನೂ ಹವಾಮಾನವನ್ನೂ ಕಂಪ್ಯೂಟರಿನಿಂದ ಇಳಿಸಿ, ಗುಡಿಯ ಮೈಕಿನಲ್ಲಿ ಓದುತ್ತಿದ್ದೆ. ಯಾರಾದರೂ ಅಡ್ಡ ಮಾತಾಡಿದರೆ ಮೈಕಿನಲ್ಲೇ ಗದರುತ್ತಿದ್ದೆ. ಹುಡುಗಿ ಬಾಯಿ ಜೋರು ಅಂತ ಊರೆಲ್ಲ ಅಂದುಕೊಳ್ಳುತ್ತಿತ್ತು, ಸುಳ್ಳೇನಲ್ಲ.

ನನ್ನನ್ನು ಪೂರ್ತಿ ನಂಬಿದವರು ಊರಲ್ಲಿ ಒಬ್ಬರೇ. ಹಿಂದಿನ ಓಣಿಯ ಮುದುಕಿ. ಸಂಬಂಧಿಕಳೇನಲ್ಲ, ಆದರೂ ನಾವೆಲ್ಲ ದೊಡ್ಡವ್ವ ಎನ್ನುತ್ತಿದ್ದೆವು. ಕೆಲಸವಿರಲಿ ಬಿಡಲಿ, ದಿನಕ್ಕೊಮ್ಮೆ ಬಂದು ಕೇಂದ್ರದ ಹೊಸ್ತಿಲ ಮೇಲೆ ಕುಳಿತು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದಳು. ತರಬೇತಿಯಲ್ಲಿ ನಮ್ಮ ತಲೆಗೆ ಬಡಿದು ಹೇಳಿದ್ದ ಪಾಠವನ್ನು ನಾನು ಅವಳ ಮುಂದೆ ಒಪ್ಪಿಸುತ್ತಿದ್ದೆ: ಕಂಪ್ಯೂಟರಿನಲ್ಲಿ ಏನೇ ಇರಲಿ, ಇನ್ನೊಂದು ಪ್ರತಿ ಮಾಡಿ ಫ್ಲಾಪಿಯಲ್ಲಿ ಬೇರೆ ಕಡೆ ಇಡಬೇಕು, ಇಲ್ಲದಿದ್ದರೆ ಒಂದು ದಿನ ಎಲ್ಲ ಮಾಯ. ಆಕೆ ಹೌದು ಹೌದೆಂದು ತಲೆಯಾಡಿಸುತ್ತಿದ್ದಳು.

ದೊಡ್ಡವ್ವನ ಆಸ್ತಿಯೆಂದರೆ ಅವಳ ಅಲಸಂದಿ. ಕಾಯಿಯ ತುದಿ ಗಿಣಿಯ ಕೊಕ್ಕಿನ ಹಾಗೆ ಬಾಗಿರುತ್ತಿತ್ತು, ಅದಕ್ಕೇ ಗಿಣಿಮೂಗಿನ ಅಲಸಂದಿ. ತವರಿನಿಂದ ತಂದ ಬೀಜ. ಯಾವ ಅಂಗಡಿಯಲ್ಲೂ ಸಿಗುತ್ತಿರಲಿಲ್ಲ. ಎರಡು ಮಳೆ ಬಿದ್ದರೆ ಸಾಕು, ಆ ಬೆಳೆ ಮೂರನೆಯದಕ್ಕೆ ಕಾಯುತ್ತಿರಲಿಲ್ಲ. ಅದರ ಉಸಳಿ, ಬಿಸಿ ರೊಟ್ಟಿ, ಮೇಲೊಂದಿಷ್ಟು ಎಣ್ಣೆ ಹಾಕಿಕೊಂಡು ತಿಂದವರಿಗೇ ಗೊತ್ತು. ಪ್ರತಿ ವರ್ಷ ಬೀಜದ ಕಾಳನ್ನು ಬೂದಿಯಲ್ಲಿ ಕಲೆಸಿ, ಗಡಿಗೆಯಲ್ಲಿ ತುಂಬಿ, ಬಾಯಿಗೆ ಸಗಣಿ ಮೆತ್ತಿ ಇಡುತ್ತಿದ್ದಳು.

ಆ ವರ್ಷ ಮಿರಗದ ಮಳೆ, ಅಂದರೆ ಮೃಗಶಿರಾ ಮಳೆ, ತಡವಾಗಿತ್ತು. ಒಂದು ರವಿವಾರ ಸಂಜೆ ಕಂಪ್ಯೂಟರಿನಲ್ಲಿ ಹವಾಮಾನ ಬಂತು: ಬೆಳಗಾವಿ ಜಿಲ್ಲೆಯಲ್ಲಿ ಮಂಗಳವಾರದಿಂದ ನಾಲ್ಕು ದಿನ ಭಾರಿ ಮಳೆ. ನಾನು ಓಡಿಹೋಗಿ ಮೈಕು ಹಿಡಿದೆ. ಒಂದಲ್ಲ, ಮೂರು ಸಲ ಕೂಗಿದೆ. ನಮ್ಮದು ಕಪ್ಪು ಮಣ್ಣಿನ ಎರೆ ಹೊಲ. ಜೋರು ಮಳೆಯಾದರೆ ವಾರಗಟ್ಟಲೆ ಒಳಗೆ ಕಾಲಿಡಲು ಬರುವುದಿಲ್ಲ. ದೊಡ್ಡ ಮಳೆ ಖಾತ್ರಿಯಿದ್ದರೆ ಅದಕ್ಕೆ ಮೊದಲೇ ಒಣ ಮಣ್ಣಿಗೆ ಬೀಜ ಬಿಡುವುದು ಜಾಣತನ. ಅದನ್ನೂ ನಾನೇ ಮೈಕಿನಲ್ಲಿ ಹೇಳಿದೆ, ಯಾರೂ ಕೇಳದಿದ್ದರೂ.

ಮಂಗಳವಾರಕ್ಕೆ ಮೊದಲು ಉಳಿದಿದ್ದುದು ಸೋಮವಾರವೊಂದೇ. ನಮ್ಮ ಕಡೆ ಸೋಮವಾರ ಎತ್ತಿನ ಹೆಗಲ ಮೇಲೆ ನೊಗ ಇಡುವುದಿಲ್ಲ. ಅದು ಬಸವಣ್ಣನ ವಾರ. ಆಕಾಶವೇ ಕಳಚಿ ಬೀಳುತ್ತದೆಂದರೂ ಇಡುವುದಿಲ್ಲ. ಊರಿನವರೆಲ್ಲ ಎತ್ತಿನ ಮೈ ತೊಳೆದು ಸುಮ್ಮನೆ ಕುಳಿತರು. ನನಗೆ ಸಿಟ್ಟು ನೆತ್ತಿಗೇರಿತು. ಇವರಿಗೆ ಕಂಪ್ಯೂಟರ್ ತಂದುಕೊಟ್ಟರೇನು, ಕಬ್ಬಿಣದ ಪೆಟ್ಟಿಗೆ ತಂದುಕೊಟ್ಟರೇನು ಎಂದು ಅವ್ವನ ಮುಂದೆ ಕೂಗಾಡಿದೆ.

ದೊಡ್ಡವ್ವ ಮಾತ್ರ ಹೊಲಕ್ಕೆ ಹೋದಳು. ಎತ್ತು ಕಟ್ಟಲಿಲ್ಲ. ಬಿತ್ತಲು ಬಳಸುವ ಎರಡು ತಾಳಿನ ಹಗುರ ಕೂರಿಗೆಗೆ ಹಗ್ಗ ಕಟ್ಟಿ ಗಂಡ ಮತ್ತು ಸೊಸೆ ಎಳೆದರು, ಇವಳು ಹಿಂದಿನಿಂದ ಕಾಳು ಬಿಟ್ಟಳು. ದಾರಿಯಲ್ಲಿ ಯಾರೋ ಕೇಳಿದ್ದಕ್ಕೆ, "ಎತ್ತಿಗೆ ಸ್ವಾಮಾರ, ನಮಗೇನ್ ಸ್ವಾಮಾರ? ಆ ಹುಡುಗಿ ಹೇಳ್ಯಾಳ ಅಂದ್ರ ಮಳಿ ಬರತೈತಿ" ಎಂದಳಂತೆ. ಈ ಮಾತು ಕಿವಿಗೆ ಬಿದ್ದಾಗ ನಾನು ಉಬ್ಬಿಹೋದೆ.

ಮಂಗಳವಾರ ಸಂಜೆ ಮೋಡವಾಯಿತು. ಮಣ್ಣು ಘಮ್ಮೆನ್ನುವಷ್ಟು ನಾಲ್ಕು ಹನಿ ಬಿತ್ತು, ಅಷ್ಟೇ. ಬುಧವಾರದಿಂದ ಬಿಸಿಲು. ಗುರುವಾರದ ಪೇಪರಿನಲ್ಲಿ ಖಾನಾಪುರದ ಕಡೆ ಹಳ್ಳ ತುಂಬಿ ಸೇತುವೆ ಮುಳುಗಿದ ಫೋಟೋ ಬಂದಿತ್ತು. ನಾನು ಸಂಸ್ಥೆಯ ಕಚೇರಿಗೆ ಫೋನ್ ಹಚ್ಚಿ ಹರಿಹಾಯ್ದೆ. ಆ ಕಡೆಯವರು ಸಮಾಧಾನದಿಂದಲೇ ಹೇಳಿದರು, "ಸುಳ್ಳೆಲ್ಲೈತ್ರಿ ಅಕ್ಕಾರ? ಬೆಳಗಾವಿ ಜಿಲ್ಲಾದಾಗ ಮಳಿ ಆಗೈತಲ್ರಿ."

ಆಗಿತ್ತು, ನಿಜ. ಜಿಲ್ಲೆ ಒಂದೇ, ಆಕಾಶ ಎರಡು. ಪಡುವಣಕ್ಕೆ ಖಾನಾಪುರದ ಕಾಡು, ಮೂಡಣಕ್ಕೆ ನಾವು, ಸವದತ್ತಿ, ರಾಮದುರ್ಗ. ಇಷ್ಟು ವರ್ಷ ಇಲ್ಲೇ ಹುಟ್ಟಿ ಬೆಳೆದ ನನಗೆ ಅದು ಗೊತ್ತಿರಲಿಲ್ಲವೇ? ಗೊತ್ತಿತ್ತು. ಪರದೆಯ ಮೇಲೆ ಅಕ್ಷರ ಮೂಡಿದ ಕೂಡಲೇ ಮರೆತೆ.

ಶುಕ್ರವಾರ ದೊಡ್ಡವ್ವನ ಹೊಲಕ್ಕೆ ಹೋದೆ. ಆಕೆ ಬದುವಿನ ಮೇಲೆ ಕುಳಿತು ಸಾಲು ಕೆದಕಿ ಕಾಳು ತೆಗೆದು ನೋಡುತ್ತಿದ್ದಳು. ಆ ನಾಲ್ಕು ಹನಿಗೆ ಕಾಳು ಉಬ್ಬಿ, ಮೊಳಕೆಯ ಮೂಗು ಬಿಟ್ಟು, ಅಲ್ಲೇ ಒಣಗಿ ಸುಟ್ಟಿತ್ತು. ಬೈದಿದ್ದರೆ ಎಷ್ಟೋ ಚೆನ್ನಾಗಿರುತ್ತಿತ್ತು. ಬೈಯಲಿಲ್ಲ.

"ಬೀಜ ಎಲ್ಲಾ ಬಿಟ್ಟಬಿಟ್ಟಿಯೇನ್ ದೊಡ್ಡವ್ವ? ಗಡಿಗ್ಯಾಗ ಒಂದೀಟೂ ಉಳಿಸಿಲ್ಲೇನ್?" ಎಂದೆ.

"ದೊಡ್ಡ ಮಳಿ ಅಂದೀಯಲ್ಲ ಬೇ. ಯಾಕ ಉಳಸಲಿ?"

ನನಗೆ ಅಳು ಬಂತು. ಅವಳ ತವರಿನಲ್ಲಿ ಈಗ ಯಾರೂ ಒಕ್ಕಲುತನ ಮಾಡುತ್ತಿರಲಿಲ್ಲ. ಐವತ್ತು ವರ್ಷ ಕಾಪಾಡಿಕೊಂಡು ಬಂದ ಬೀಜವನ್ನು ನನ್ನ ಒಂದು ಮೈಕು ತಿಂದುಹಾಕಿತ್ತು. ಊರಿನಲ್ಲಿ ಗಂಡಸರು ನನ್ನನ್ನು ಕಂಡರೆ ಸಾಕು, "ಕಂಪೂಟರ್‌ಕಿಂತ ನಮ್ಮ ಎತ್ತಽ ಶ್ಯಾಣ್ಯಾ" ಎಂದು ನಗುತ್ತಿದ್ದರು. ನನ್ನ ಮಾತು ಕೇಳದವರೆಲ್ಲ ಉಳಿದುಕೊಂಡಿದ್ದರು, ಕೇಳಿದವಳೊಬ್ಬಳೇ ಕೆಟ್ಟಿದ್ದಳು. ಎರಡು ದಿನ ಕೇಂದ್ರದ ಕೀಲಿ ತೆಗೆಯಲಿಲ್ಲ.

ಮೂರನೆಯ ದಿನ ದೊಡ್ಡವ್ವನೇ ಮನೆಗೆ ಬಂದಳು. "ಬಾಗಲಾ ಯಾಕ ತೆಗದಿಲ್ಲ? ಏಳು. ಉಡಿ ತುಂಬಿದ್ದು ನೆಪ್ಪಾತು" ಎಂದಳು.

ನಮ್ಮಲ್ಲಿ ಮನೆಗೆ ಬಂದ ಹೆಣ್ಣುಮಗಳು ಹೊರಟು ನಿಂತಾಗ ಸೆರಗೊಡ್ಡಿಸಿ ಉಡಿ ತುಂಬುತ್ತಾರೆ: ಅಕ್ಕಿ, ಕೊಬ್ಬರಿ ಬಟ್ಟಲು, ಅರಿಷಿಣದ ಕೊಂಬು, ಎಲೆ ಅಡಿಕೆ, ಕುಪ್ಪಸದ ಖಣ. ದೊಡ್ಡವ್ವ ಅದರ ಮೇಲೆ ಒಂದು ಹಿಡಿ ಗಿಣಿಮೂಗಿನ ಅಲಸಂದಿಯನ್ನೂ ಹಾಕುತ್ತಿದ್ದಳು. "ಅಕ್ಕಿ ಉಣ್ಣು, ಇದನ್ನ ಬಿತ್ತು" ಅನ್ನುವುದು ಅವಳ ರೂಢಿ. ಹಾಗೆ ಎಷ್ಟು ಉಡಿ ತುಂಬಿದ್ದಳೋ ಅವಳಿಗೇ ಲೆಕ್ಕವಿರಲಿಲ್ಲ. ಸಂಗೊಳ್ಳಿಗೆ ಕೊಟ್ಟ ನಾದಿನಿಯ ಮಗಳು, ಯರಗಟ್ಟಿಯ ಬೀಗಿತ್ತಿ, ಯಾರದೋ ಮದುವೆಗೆ ಬಂದು ಒಂದು ದಿನ ಇವರ ಮನೆಯಲ್ಲಿ ಇಳಿದುಕೊಂಡಿದ್ದ ರಾಮದುರ್ಗದ ಆಚೆಯ ಯಾರೋ ಹೆಣ್ಣುಮಗಳು. ಯಾರು ಬಿತ್ತಿದರು, ಯಾರು ಬೇಯಿಸಿಕೊಂಡು ತಿಂದರು, ದೇವರೇ ಬಲ್ಲ.

ಆ ಬೀಜ ಯಾರಲ್ಲಾದರೂ ಉಳಿದಿದೆಯೇ ಎಂದು ಕೇಳಿ ಉಳಿದ ನಾಲ್ಕು ಕೇಂದ್ರಗಳಿಗೆ ಕಂಪ್ಯೂಟರಿನಲ್ಲೇ ಕಾಗದ ಟೈಪು ಮಾಡಿ ಕಳಿಸಿದೆ. ನನ್ನ ಕಂಪ್ಯೂಟರಿನ ಕನ್ನಡ ಅವರ ಕಂಪ್ಯೂಟರಿಗೆ ತಿಳಿಯಲಿಲ್ಲ. ಅಲ್ಲಿ ಬರೀ ಚೌಕಗಳು, ಪ್ರಶ್ನೆ ಚಿಹ್ನೆಗಳು ಮೂಡಿದವಂತೆ. ಆಗ ದೊಡ್ಡವ್ವ ಮನೆಗೆ ಹೋಗಿ, ಒಲೆ ಹೊತ್ತಿಸಲು ಇಟ್ಟಿದ್ದ ಹೊಟ್ಟಿನ ಚೀಲ ಕೆದಕಿ, ಕಾಳಿಲ್ಲದ ಒಂದು ಒಣ ಕಾಯಿ ತಂದಳು. ಫೋಟೋ, ಪತ್ರ ನಕಲು ಮಾಡಲು ನಮಗೆ ಒಂದು ಸ್ಕ್ಯಾನರ್ ಕೊಟ್ಟಿದ್ದರು. ಅದರ ಗಾಜಿನ ಮೇಲೆ ಆ ಕಾಯಿಯನ್ನು ಮಲಗಿಸಿದೆವು. ಪಕ್ಕದಲ್ಲಿ ನಾನು ಕೈಯಿಂದ ಬರೆದ ಚೀಟಿ: "ಈ ಕಾಯಿ ಯಾರ ಮನೆಯಲ್ಲಾದರೂ ಇದೆಯೇ? ಉಡಿಯಲ್ಲಿ ಬಂದ ಬೀಜ." ಬೆಳಕಿನ ಗೆರೆ ಕಾಯಿಯ ಕೆಳಗೆ ಸರಿದು ಹೋಗುವುದನ್ನು ದೊಡ್ಡವ್ವ ಉಸಿರು ಬಿಗಿಹಿಡಿದು ನೋಡಿದಳು. ಪರದೆಯ ಮೇಲೆ ಬಾಗಿದ ಮೂಗು ಮೂಡಿದಾಗ, "ಅಯ್ಯ ಶಿವನಽ, ಥೇಟ್ ಅದಽ" ಎಂದಳು.

ನಾಲ್ಕೂ ಕಡೆ ಅದನ್ನು ಅಚ್ಚು ತೆಗೆದು ಗೋಡೆಗೆ ಅಂಟಿಸಿದರು. ಐದು ದಿನ ಏನೂ ಇಲ್ಲ. ಸಂಗೊಳ್ಳಿಯಿಂದಲೂ ಯರಗಟ್ಟಿಯಿಂದಲೂ ತಿಂದು ಮುಗಿಸಿದ್ದೇವೆ ಎಂದಷ್ಟೇ ಸುದ್ದಿ ಬಂತು. ದಿನಾ ಹೊಸ್ತಿಲ ಮೇಲೆ ಕುಳಿತ ದೊಡ್ಡವ್ವನ ಮುಖ ನೋಡಲಾಗದೆ ನಾನು ಬೆನ್ನು ಹಾಕಿ ಕೂರುತ್ತಿದ್ದೆ. ಆರನೆಯ ದಿನ ರಾಮದುರ್ಗದ ಆಚೆಯ ಕೇಂದ್ರದಿಂದ ಫೋನ್ ಬಂತು. ಕೇಂದ್ರದ ಪಕ್ಕದ ಹಿಟ್ಟಿನ ಗಿರಣಿಗೆ ಬಂದ ಹೆಂಗಸೊಬ್ಬಳು ಗೋಡೆಯ ಚಿತ್ರ ನೋಡಿ, "ಇದು ನಮ್ಮ ಹಿತ್ತಲ್ದಾಗ ಐತ್ರಿ. ಆ ಮುರಗೋಡ ಕಡಿ ಅವ್ವಾರು ಉಡಿ ತುಂಬಿದ್ರು" ಎಂದಳಂತೆ. ಮದುವೆಗೆ ಬಂದು ಇಳಿದುಕೊಂಡಿದ್ದ ಅದೇ ಹೆಣ್ಣುಮಗಳು. ಅವಳ ಹೆಸರೂ ಊರೂ ದೊಡ್ಡವ್ವನಿಗೆ ಗೊತ್ತಿರಲಿಲ್ಲ.

ಬೀಜ ಬಸ್ಸಿನಲ್ಲಿ ಬಂತು, ಹಳೆಯ ಸೀರೆಯ ತುಂಡಿನಲ್ಲಿ ಕಟ್ಟಿದ ಗಂಟು. ಅರ್ಧ ಸೇರೂ ಇರಲಿಲ್ಲ. ಕಂಡಕ್ಟರ್ ಗಂಟನ್ನು ಕೈಗಿಟ್ಟು, "ಏನೈತ್ರಿ ಇದರಾಗ? ಆಕಿ ಜ್ವಾಕಿ ಜ್ವಾಕಿ ಅಂತ ಹತ್ತು ಸಲ ಹೇಳಿದ್ಳು" ಎಂದ. ದೊಡ್ಡವ್ವ ಅಲ್ಲೇ ಗಂಟು ಬಿಚ್ಚಿ ಒಂದು ಕಾಳು ಬಾಯಿಗೆ ಹಾಕಿ ಕಡಿದು ನೋಡಿದಳು. ಆಮೇಲೆ ನನ್ನ ತಲೆ ಸವರಿದಳು. ಹದವಾದ ಮಳೆ ಬಿದ್ದ ಮೇಲೆ ಹೊಲದ ಒಂದು ಮೂಲೆಯಲ್ಲಿ ಬಿತ್ತಿದಳು. ಆ ವರ್ಷ ಅವಳ ಮನೆಯಲ್ಲಿ ಉಸಳಿ ಆಗಲಿಲ್ಲ, ಬಂದದ್ದೆಲ್ಲ ಬೀಜಕ್ಕೇ ಹೋಯಿತು.

ಅಂದಿನಿಂದ ನಾನು ಜಿಲ್ಲೆಯ ಮಳೆಯನ್ನು ಓದುವುದು ಬಿಟ್ಟೆ. ಬೆಳಿಗ್ಗೆ ಐದೂ ಕೇಂದ್ರದವರು ಒಬ್ಬರಿಗೊಬ್ಬರು ಫೋನ್ ಮಾಡಿ, ನಿಮ್ಮಲ್ಲಿ ಎಷ್ಟು ಬಿತ್ತು, ಗಾಳಿ ಯಾವ ಕಡೆ ಎಂದು ಕೇಳಿಕೊಂಡು, ಅದನ್ನು ಕಂಪ್ಯೂಟರಿಗೆ ಹಾಕುತ್ತಿದ್ದೆವು. ನಮ್ಮೂರ ಮಳೆ ಅಳೆಯುವ ಡಬ್ಬಿ ದೊಡ್ಡವ್ವನ ಮಾಳಿಗೆಯ ಮೇಲಿತ್ತು.

ಎರಡು ವರ್ಷದ ಮೇಲೆ ನನ್ನ ಮದುವೆಯಾಗಿ ಕಿತ್ತೂರಿಗೆ ಹೊರಟಾಗ ದೊಡ್ಡವ್ವ ಉಡಿ ತುಂಬಿದಳು. ಅಕ್ಕಿಯ ಮೇಲೆ ಒಂದು ಹಿಡಿ ಅಲಸಂದಿ. "ಅಕ್ಕಿ ಉಣ್ಣು, ಇದನ್ನ ಬಿತ್ತು" ಎಂದವಳು, ಕಾಳಿನ ಮೇಲೆ ಬೆರಳಿಟ್ಟು, "ನೀ ಆ ಫ್ಲಾಪಿ ಅಂತಿದ್ದಿಯಲ್ಲ, ಇದಽ ಬೇ" ಎಂದಳು. ಅಳುತ್ತಿದ್ದವಳು ನಕ್ಕುಬಿಟ್ಟೆ.

ಆಮೇಲೆ ಎಲ್ಲರ ಕೈಗೂ ಮೊಬೈಲ್ ಬಂತು, ಕೇಂದ್ರಗಳಿಗೆ ಕೀಲಿ ಬಿತ್ತು. ಒಂದು ವರ್ಷ ಅಕಾಲದ ಮಳೆ ಹಿಡಿದು ಊರಲ್ಲಿ ಕಾಯಿ ಗಿಡದಲ್ಲೇ ಕೊಳೆಯಿತು ಎಂದು ಕೇಳಿದ್ದೆ. ಮುಂದಿನ ಬೇಸಿಗೆಯಲ್ಲಿ ದೊಡ್ಡವ್ವನ ಸೊಸೆಯ ಫೋನ್ ಬಂತು. ಮಾತಾಡಿದವಳು ದೊಡ್ಡವ್ವನೇ, ದನಿ ಕುಗ್ಗಿತ್ತು.

"ನಮ್ಮ ಅಲಸಂದಿ ನಿಮ್ಮನ್ಯಾಗ ಐತೇನ್ ಬೇ?"

ಕಿತ್ತೂರಿನ ಶಾಲೆಯೊಂದರಲ್ಲಿ ಸೇರಿಕೊಂಡಿದ್ದ ಕೆಲಸ, ಮಕ್ಕಳು ಎಂದುಕೊಂಡು ಹಿತ್ತಲಿನ ಕಡೆ ಆ ವರ್ಷ ಕಣ್ಣೆತ್ತಿ ನೋಡಿರಲಿಲ್ಲ. ಫೋನು ಹಿಡಿದುಕೊಂಡೇ ಅತ್ತೆಯನ್ನು ಕೇಳಿದೆ. ಅವರು ಅಟ್ಟದ ಕಡೆ ಬೆರಳು ಮಾಡಿದರು. ಏಣಿ ಹತ್ತಿ, ಗಡಿಗೆಯ ಬಾಯಿ ಬಿಚ್ಚಿ ಬೂದಿಯೊಳಗೆ ಕೈ ಹಾಕಿದೆ. ಬೆರಳಿಗೆ ಕಾಳು ಹತ್ತಿತು.

"ಐತಿ ದೊಡ್ಡವ್ವ, ಐತಿ" ಎಂದೆ.

"ಹಂಗಾರ ಬಸ್ಸಿಗೆ ಕೊಟ್ಟ ಕಳಸು."

ಮರುದಿನ ಬೆಳಿಗ್ಗೆ ಗಂಟು ಕಟ್ಟುವ ಮೊದಲು ಒಂದು ಹಿಡಿ ತೆಗೆದು ಮತ್ತೆ ಬೂದಿಯಲ್ಲಿ ಹೂತಿಟ್ಟೆ.