ಹಾಸಿನ ಮೇಲೆ ಕೈಯಿಟ್ಟ ಮಾತು

ನಮ್ಮ ದೊಡ್ಡಪ್ಪನ ಬೆರಳ ಸಂದಿಗಳಲ್ಲಿ ಗಂಜಿ ಒಣಗಿ ಬೆಳ್ಳಗೆ ಸಿಪ್ಪೆ ಏಳುತ್ತಿತ್ತು. ಆ ಕೈಯಲ್ಲೇ ನನ್ನ ತಲೆ ಸವರುತ್ತಿದ್ದ, ಕೂದಲೆಲ್ಲ ಪುಡಿ. ದೊಡ್ಡಮ್ಮ ಬೈದರೆ, "ಗಂಜಿ ತಾನೆ, ಇಸ ಅಲ್ವಲ್ಲ," ಅನ್ನುತ್ತಿದ್ದ.

ಸೇಲಂ ಪೇಟೆಯ ನಡುಚೌಕ ಆಗ ನಮ್ಮ ನೇಕಾರರ ಅಂಗಳ. ಒಂದು ಬೇವಿನ ಮರ, ಸಿಹಿನೀರಿನ ಬಾವಿ, ಎರಡು ಸಾಲು ಕಲ್ಲುಗೂಟ. ಬೆಳಗಾದರೆ ಮಗ್ಗಕ್ಕೇರಿಸುವ ಉದ್ದೆಳೆಗಳ ಹಾಸನ್ನು ಗೂಟಗಳ ನಡುವೆ ಎಳೆದು ಕಟ್ಟಿ, ಗಂಜಿ ಬಳಿದು ಒಣಗಿಸಬೇಕು. ಗೂಟ ನೆಟ್ಟವರು ಮೈಸೂರು ಸೀಮೆಯಿಂದ ಬಂದ ನಮ್ಮ ಹಿರಿಯರೆಂದು ದೊಡ್ಡಪ್ಪ ಕಂಡಕಂಡವರಿಗೆಲ್ಲ ಹೇಳುತ್ತಿದ್ದ. ಕೇಳುವವರಿಗೆ ಸಾಕಾದರೂ ಅವನಿಗೆ ಸಾಕಾಗುತ್ತಿರಲಿಲ್ಲ. ಕಟ್ಟಿದ ಹಾಸನ್ನು ಯಾರೂ ದಾಟುತ್ತಿರಲಿಲ್ಲ, ಎತ್ತಿನ ಗಾಡಿಯೂ ಸುತ್ತಿ ಹೋಗುತ್ತಿತ್ತು. ಅದರ ಮೇಲೆ ಕೈಯಿಟ್ಟು ಆಡಿದ ಮಾತಿಗೆ ನಮ್ಮವರು ತಪ್ಪುತ್ತಿರಲಿಲ್ಲ. ಹೆಣ್ಣು ಕೊಡುವ ಮಾತೂ ಅಲ್ಲೇ ಆಗುತ್ತಿತ್ತು.

ಮೆಟ್ಟೂರಿನಲ್ಲಿ ಅಣೆಕಟ್ಟು ಏಳುತ್ತಿದ್ದ ಕಾಲ. ನಮ್ಮ ಚೌಕಕ್ಕೂ ಒಂದು ಗಡಿಯಾರದ ಗೋಪುರ ಬಂತು. ಅದನ್ನು ತೆರೆಯಲು ಯಾರೋ ದೊರೆ ಬರುತ್ತಾನೆ, ಗೂಟ ಕಿತ್ತುಕೊಡಿ ಎಂದು ಒಬ್ಬ ಅಧಿಕಾರಿ ಬಂದ. ನೇಕಾರರು ಒಪ್ಪಲಿಲ್ಲ. ಯಾರು ಹೇಳಿಕೊಟ್ಟಿದ್ದರೋ, ಆತ ನಗುತ್ತ ದೊಡ್ಡಪ್ಪನ ಹಾಸಿನ ಮೇಲೆ ಕೈಯಿಟ್ಟು, "ಒರೇ ನಾಳ್ ದಾನ್," ಎಂದ. ಒಂದೇ ದಿನ, ಮಾರನೆಯ ದಿನ ಮತ್ತೆ ನೆಟ್ಟುಕೊಳ್ಳಿ ಎಂದ.

"ಬ್ಯಾಡ ಅಣ್ಣ," ಎಂದ ನಮ್ಮಪ್ಪ. "ಅವ್ರಿಗೇನ್ ಗೊತ್ತು ನಮ್ ಕಟ್ಟಳೆ?"

"ಆಸಿನ್ ಮ್ಯಾಲೆ ಕೈ ಇಕ್ಕವ್ನೆ ಲೇ. ಇನ್ನೇನ್ ಬೇಕು?" ಎಂದು ದೊಡ್ಡಪ್ಪ ಮೊದಲ ಗೂಟವನ್ನು ತಾನೇ ಕಿತ್ತ. ಉಳಿದವರು ಅವನನ್ನು ನೋಡಿ ಕಿತ್ತರು.

ದೊರೆ ಬಂದು ಹೋದ ಮಾರನೆಯ ದಿನ ಗೂಟ ನೆಡಲು ಹೋದವರನ್ನು ಪೊಲೀಸರು ಅಟ್ಟಿದರು. ಅಧಿಕಾರಿ ಕಚೇರಿಯಿಂದ ಹೊರಗೇ ಬರಲಿಲ್ಲ. ಆಮೇಲೆ ಬಾವಿ ಮುಚ್ಚಿದರು, ಬೇವು ಕಡಿದರು. ಬಿಸಿಲು ಕಾಣದ ಓಣಿಯಲ್ಲಿ ಹಾಸು ಮುಗ್ಗಿತು, ಎಳೆ ಹರಿಯಿತು, ಒಂದೊಂದೇ ಮಗ್ಗ ನಿಂತಿತು. ಬಡವನ ಕೋಪ ದವಡೆಗೆ ಮೂಲ ಅನ್ನುತ್ತಾರೆ. ನಮ್ಮ ಬೀದಿಯವರ ಕೋಪ ಪಕ್ಕದ ಮನೆಯವನ ದವಡೆಗೆ ಮೂಲವಾಯಿತು. ಅಧಿಕಾರಿ ಕಂಡರೆ ಕೈ ಮುಗಿದರು, ದೊಡ್ಡಪ್ಪ ಕಂಡರೆ ಉಗಿದರು. ದೊಡ್ಡಮ್ಮ ಒಲೆಗೆ ಕೆಂಡ ಕೇಳಿದರೆ ಬಾಗಿಲು ಹಾಕಿಕೊಂಡರು.

"ಕೈ ಇಕ್ಕಿದ್ನಲ್ಲವ್ವಾ," ಎಂದು ದೊಡ್ಡಪ್ಪ ನನ್ನನ್ನು ಕೇಳುತ್ತಿದ್ದ.

ಆಮೇಲೆ ಅವನು ಹೆಚ್ಚು ಕಾಲ ಬದುಕಲಿಲ್ಲ. ನಮ್ಮಲ್ಲಿ ನೇಕಾರ ಸತ್ತರೆ ಅವನ ಮಗ್ಗದ್ದೇ ಬಟ್ಟೆ ಹೊದಿಸಬೇಕು. ದೊಡ್ಡಪ್ಪನ ಮಗ್ಗದಲ್ಲಿ ಒಂದೆಳೆ ನೂಲೂ ಇರಲಿಲ್ಲ. ಅಪ್ಪ ಬೀದಿಯ ಮನೆಮನೆಗೂ ಹೋಗಿ ಒಂದು ತುಂಡು ಕೈಮಗ್ಗದ ಬಟ್ಟೆ ಕೇಳಿದ. ಯಾರೂ ಕೊಡಲಿಲ್ಲ. ಅಂಗಡಿಯಿಂದ ಮಿಲ್ಲಿನ ಬಟ್ಟೆ ತಂದು ಹೊದಿಸಿದೆವು. ಆ ಬೀದಿಯವರ ಮದುವೆಗೆ ನಾನು ಇವತ್ತಿಗೂ ಹೋಗುವುದಿಲ್ಲ.